ಡಾಕ್ಟ್ರಮ್ಮನ ಕಾರಿನ ಸೊಟ್ಟ ಹಲಗೆ

ಮೂಡಿಗೆರೆಯಲ್ಲಿ ನಾನು ಡಾಕ್ಟರಾಗಿದ್ದಷ್ಟು ಕಾಲ ನಗುವಿಗೆ ಬರ ಬಂದದ್ದಿಲ್ಲ. ರೋಗಿಗಳು ನಗಿಸದ ದಿನ ನನ್ನ ಕಾರು ನಗಿಸುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಒಬ್ಬ ಇಂಗ್ಲಿಷ್ ಪ್ಲಾಂಟರು ತಮ್ಮ ದೇಶಕ್ಕೆ ಹೊರಟಾಗ ಬಿಟ್ಟುಹೋದ ಕಾರು. ಕೈಯಿಂದ ಕೈಗೆ ದಾಟಿ ಕಡೆಗೆ ನನ್ನ ಪಾಲಿಗೆ ಬಂದಿತ್ತು. ಅದರ ಡ್ಯಾಶ್‌ಬೋರ್ಡು ಪೂರ್ತಿ ಮರದ್ದು. ಮುಖ ಕಾಣುವಷ್ಟು ಪಾಲಿಶ್ ಮಾಡಿದ ಒಂದೇ ಹಲಗೆ, ಅದರಲ್ಲಿ ಕೊರೆದ ತೂತುಗಳಲ್ಲಿ ಮೀಟರುಗಳು. ಅದನ್ನು ನೋಡುವ ಆಸೆಗೇ ಕೆಲವರು ಜ್ವರ ಬರಿಸಿಕೊಳ್ಳುತ್ತಾರೆ ಅಂತ ನಮ್ಮ ಕಾಂಪೌಂಡರು ಹೇಳುತ್ತಿದ್ದ. ಒಂದು ಮಳೆಗಾಲ ಆ ಹಲಗೆಗೇ ಕಾಯಿಲೆ ಬಂತು.

ಅಜ್ಜನ ಜ್ವರ

ಗೋಣಿಬೀಡಿನ ಕಡೆಯ ಒಂದು ಮನೆಯಿಂದ ಕರೆ ಬಂತು. ಅಜ್ಜ ಜ್ವರದಲ್ಲಿ ಮಲಗಿದವರು ಕಣ್ಣೇ ಬಿಡುತ್ತಿಲ್ಲವಂತೆ. ಮಳೆ ಜೋರಿತ್ತು. ಕಾರಿಗೆ ಸ್ವಲ್ಪ ಮರೆಯಾಗಲಿ ಅಂತ ಅಂಗಳದ ಮರದಡಿ ನಿಲ್ಲಿಸಿ ಒಳಗೆ ಹೋದೆ. ಇಂಜೆಕ್ಷನ್ ಕೊಟ್ಟೆ. ಮಗ, ಸೊಸೆ, ಮೊಮ್ಮಕ್ಕಳು ಸರದಿಯ ಮೇಲೆ ಕರೆದರೂ ಅಜ್ಜ ಮಿಸುಕಲಿಲ್ಲ. ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳತೊಡಗಿದಳು.

ಅಷ್ಟರಲ್ಲಿ ಹೊರಗೆ ಧಡಾರ್ ಅಂತು. ಬೆನ್ನಿಗೇ ಗಾಜು ಉದುರಿದ ಸದ್ದು. ಮಳೆಯ ಗಡಿಬಿಡಿಯಲ್ಲಿ ನಾನು ಕಾರು ನಿಲ್ಲಿಸಿದ್ದು ಹಲಸಿನ ಮರದಡಿ!

ಅಜ್ಜ ಪಟ್ಟನೆ ಕಣ್ಣುಬಿಟ್ಟರು. "ಬಿದ್ದದ್ದು ಯಾವ ಮರದ್ದು?"

"ಕೊಟ್ಟಿಗೆ ಹತ್ರದ್ದು ಅಪ್ಪಯ್ಯ. ಡಾಕ್ಟ್ರಮ್ಮನ ಕಾರಿನ ಮೇಲೇ ಬಿತ್ತು. ಮುಂದಿನ ಗಾಜು ಪುಡಿಪುಡಿ," ಅಂದ ಮಗ.

"ಗಾಜು ಹಾಳಾಗ್ಲಿ ಮಾರಾಯ, ಅದು ಬಕ್ಕೆ ಹಲಸು, ಗಟ್ಟಿ ತೊಳೆಯ ಹಣ್ಣು! ಬೇಗ ಎತ್ತಿ ಒಳಗಿಡು, ದನ ಬಾಯಿ ಹಾಕೀತು!" ಅಂತ ಅಜ್ಜ ಎದ್ದೇ ಕೂತರು.

ಸಂಜೆಯೊಳಗೆ ಜ್ವರವೂ ಇಳಿಯಿತು. ಅದು ನನ್ನ ಇಂಜೆಕ್ಷನ್ನಿನಿಂದ ಇಳಿದದ್ದು ಅಂತ ಆ ಊರಿನವರು ಕಡೆಯವರೆಗೂ ಒಪ್ಪಲಿಲ್ಲ.

ಭಾವನ ಮರ್ಯಾದೆ

ಆ ಅಳತೆಯ ಗಾಜು ಮಂಗಳೂರಿನಿಂದ ಬರಬೇಕು. ಘಾಟಿಯಲ್ಲಿ ಮಣ್ಣು ಜರಿದು ರಸ್ತೆ ಬಂದ್. ರೋಗಿಗಳು ಕಾಯುತ್ತಾರೆಯೇ? ಗಾಜಿಲ್ಲದ ಕಾರಿನಲ್ಲೇ ಓಡಾಟ ಶುರುವಾಯಿತು. ನಾನು ರೈನ್‌ಕೋಟು ತೊಟ್ಟು ಸ್ಟಿಯರಿಂಗ್ ಹಿಡಿಯುತ್ತಿದ್ದೆ. ಪಕ್ಕದಲ್ಲಿ ಕಾಂಪೌಂಡರು ತನ್ನ ದೊಡ್ಡ ಕರಿ ಕೊಡೆಯನ್ನು ಗಾಜಿದ್ದ ಜಾಗದಲ್ಲಿ ಬಿಡಿಸಿ ಹಿಡಿದು, ಅಂಚಿನಿಂದ ಇಣುಕಿ ದಾರಿ ಹೇಳುತ್ತಿದ್ದ. "ಸ್ವಲ್ಪ ಎಡಕ್ಕೆ... ಗುಂಡಿ... ಎಮ್ಮೆ..."

ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಕಾಂಪೌಂಡರು ಅದನ್ನು ಕಂಡವನೇ ಕೊಡೆಯನ್ನು ಸರಕ್ಕನೆ ಮಡಚಿ, ಎರಡೂ ಕೈ ಎತ್ತಿ ಮುಗಿದ. ಬಸ್ಸು ಎರಚಿದ ಕೆಂಪು ನೀರೆಲ್ಲ ನನ್ನ ಮುಖಕ್ಕೆ.

ಕಾರು ನಿಲ್ಲಿಸಿ, "ಏನಯ್ಯಾ ಇದು?" ಅಂತ ರೇಗಿದೆ.

"ಆ ಡ್ರೈವರು ನನ್ನ ಹೆಂಡ್ತಿಯ ಅಣ್ಣ ಡಾಕ್ಟ್ರಮ್ಮ," ಅಂದ ಅವನು, ತನ್ನ ಮೀಸೆಯ ಕೆಸರು ಒರೆಸಿಕೊಳ್ಳುತ್ತ. "ಕೊಡೆ ಅಡ್ಡ ಹಿಡಿದ್ರೆ ಮುಖ ಮರೆಸ್ಕೊಂಡ ಅಂತಾರೆ. ಮೊದ್ಲೇ ನಮ್ಮನೆ ಮದುವೇಲಿ ಪಾಯಸ ಕಮ್ಮಿಯಾಯ್ತು ಅಂತ ಅವ್ರಿಗೆ ಸಿಟ್ಟಿದೆ."

ಬಿರಿಯಾನಿ ಹಂಡೆ

ಕೊಡೆ ನಮ್ಮನ್ನು ಅರ್ಧ ಕಾಯಿತು, ಡ್ಯಾಶ್‌ಬೋರ್ಡನ್ನು ಕಾಯಲಿಲ್ಲ. ನೀರು ಕುಡಿದು ಕುಡಿದು ಹಲಗೆ ಕರಿದ ಹಪ್ಪಳದಂತೆ ಸೊಟ್ಟಗಾಯಿತು. ಮೀಟರುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿದವು. ಪೆಟ್ರೋಲು ಎಷ್ಟಿದೆ ಅಂತ ನೋಡಲು ನಾನು ಕಿವಿಯನ್ನು ಭುಜಕ್ಕೆ ತಾಗಿಸಬೇಕಿತ್ತು.

ಊರಿನ ಗ್ಯಾರೇಜಿನ ಸಾಹೇಬ್ರು ನೋಡಿ ತಲೆ ಕೊಡವಿದರು. ಬಹಳ ಮೆತ್ತಗಿನ ಮನುಷ್ಯ. "ಗಾಜು ಕೂತ ಮೇಲೆ ಈ ಹಲಗೆ ಹೊರಗೆ ಬರೋಕೆ ದಾರಿಯಿಲ್ಲ ಡಾಕ್ಟ್ರಮ್ಮ. ಗಾಯಕ್ಕೆ ಹೊಲಿಗೆ ಹಾಕೋ ಮೊದ್ಲು ನೀವು ಒಳಗೆ ಸರಿ ಮಾಡಲ್ವಾ? ಹಾಗೇ ಇದು."

ಹಲಗೆಯನ್ನು ಬಿಚ್ಚಿ ಹಬೆಯಲ್ಲಿಟ್ಟು ಮೆತ್ತಗೆ ಮಾಡಬೇಕು, ಆಮೇಲೆ ಭಾರದ ಕೆಳಗೆ ಒತ್ತಿ ಒಣಗಿಸಬೇಕು ಅಂತ ಅವರ ಲೆಕ್ಕ. ಹಬೆಗೆ ಅಷ್ಟು ದೊಡ್ಡ ಪಾತ್ರೆ ಎಲ್ಲಿದೆ? ಗ್ಯಾರೇಜಿನ ಹಿಂದೆಯೇ ಅವರ ಮನೆ. ಮದುವೆಗಳಿಗೆ ಬಿರಿಯಾನಿ ಮಾಡುವ ಹಂಡೆಯನ್ನು ಹೆಂಡತಿಗೆ ಹೇಳದೆ ಒಲೆ ಮೇಲೇರಿಸಿದರು.

ನಾನು ಹೋದಾಗ ಆಕೆ ಬಾಗಿಲಲ್ಲೇ ನಿಂತಿದ್ದರು. "ಬನ್ನಿ ಡಾಕ್ಟ್ರಮ್ಮ. ನಮ್ಮನೇಲಿ ಇವತ್ತು ಹಲಗೆ ಬೇಯ್ತಾ ಇದೆ. ಉಪ್ಪು ಎಷ್ಟು ಹಾಕ್ಲಿ ಅಂತ ನೀವೇ ಅವ್ರನ್ನ ಕೇಳಿ."

ಹಲಗೆ ಮೆತ್ತಗಾಯಿತು, ನಿಜ. ಆದರೆ ಹಂಡೆಯಲ್ಲಿದ್ದ ವರ್ಷಗಟ್ಟಲೆಯ ಲವಂಗ, ಚಕ್ಕೆ, ತುಪ್ಪದ ವಾಸನೆಯನ್ನೆಲ್ಲ ಹೀರಿಕೊಂಡಿತು. ಮುಂದೆ ಎಷ್ಟೋ ವರ್ಷ, ಬಿಸಿಲು ಬಿದ್ದರೆ ಸಾಕು, ಕಾರೆಲ್ಲ ಘಮಘಮ. ಬಾಯಿರುಚಿ ಹೋಗಿದೆ, ಗಂಜಿಯೂ ಸೇರಲ್ಲ ಅಂತ ನರಳುತ್ತ ಹತ್ತಿದ ರೋಗಿಗಳು ಆಸ್ಪತ್ರೆ ಬಾಗಿಲಲ್ಲಿ ಇಳಿಯುವಾಗ, "ಇಲ್ಲಿ ಒಳ್ಳೆ ಹೋಟ್ಲು ಎಲ್ಲಿದೆ?" ಅಂತ ಕೇಳುತ್ತಿದ್ದರು.

ಟೀ ಹಲಗೆ

ಭಾರ ಇಡಲು ಸಾಹೇಬ್ರು ತಮಗೆ ಪರಿಚಯದ ಎಸ್ಟೇಟಿನ ಗೋಡೌನಿಗೆ ಹಲಗೆ ಒಯ್ದರು. ಅಲ್ಲಿ ಲೆಕ್ಕ ಬರೆಯುವ ರೈಟರು ಒಪ್ಪಿ ಅದರ ಮೇಲೆ ಕಾಫಿ ಮೂಟೆಗಳನ್ನು ಪೇರಿಸಿಟ್ಟರು. ಒಣಗುವಷ್ಟು ದಿನ ಬಿಟ್ಟು ಸಾಹೇಬ್ರೂ ನಾನೂ ಹೋದರೆ, ಗೋಡೌನು ಖಾಲಿ! ರೈಟರು ರಜದಲ್ಲಿದ್ದಾಗ, ಕಾಫಿ ಬೀಜ ಹದ ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನ ಲಾರಿ ಬಂದಿದೆ. ಮೇಸ್ತ್ರಿ ಎಲ್ಲವನ್ನೂ ತುಂಬಿ ಕಳಿಸಿದ್ದಾನೆ.

"ಹಲಗೇನೂ ಯಾಕೆ ಹಾಕಿದ್ಯೋ ಮಾರಾಯ?" ಅಂದರು ಸಾಹೇಬ್ರು.

"ಗೋಡೌನ್ ಗುಡಿಸಿದ ಹಾಗೆ ಖಾಲಿ ಮಾಡು ಅಂದಿದ್ರು. ಮಾಡಿದೆ."

ಚಿಕ್ಕಮಗಳೂರಿಗೆ ಓಡಿದೆವು. ಕ್ಯೂರಿಂಗ್ ವರ್ಕ್ಸಿನಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ. ಬೇರೆ ಹಲಗೆಗೆ ಎಲ್ಲಿ ಹೋಗಲಿ ಅಂತ ನನಗೆ ಅಳುವೇ ಬಂತು. ಆಗ ಎದುರಿನಿಂದ ಟೀ ಮಾರುವವನು ಬಂದ. ಅವನ ಎರಡೂ ಕೈಯಲ್ಲಿ ನನ್ನ ಡ್ಯಾಶ್‌ಬೋರ್ಡು! ಸ್ಪೀಡಿನ ಮೀಟರಿನ ದೊಡ್ಡ ತೂತಿನಲ್ಲಿ ಕೆಟಲು, ಪೆಟ್ರೋಲು ಮತ್ತು ಬ್ಯಾಟರಿ ಮೀಟರಿನ ಸಣ್ಣ ತೂತುಗಳಲ್ಲಿ ಗ್ಲಾಸು. ಹಲಗೆ ನೆಟ್ಟಗೆ, ಅಳತೆಗೋಲಿನ ಹಾಗಿತ್ತು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

"ಇದು ಕಾರಿಂದು ಕಣಯ್ಯಾ," ಅಂದೆ.

"ಕಾರಲ್ಲೂ ಟೀ ಮಾರ್ತಾರಾ ಅಮ್ಮಾ?" ಅಂದ.

ಕೊಡಲು ಅವನಿಗೆ ಸುತರಾಂ ಮನಸ್ಸಿಲ್ಲ. ಕಡೆಗೆ ಪೇಟೆಗೆ ಹೋಗಿ ಥಳಥಳ ಹೊಳೆಯುವ ಹೊಸ ಸ್ಟೀಲಿನ ಟ್ರೇ ತಂದುಕೊಟ್ಟೆ. ಅವನು ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ಸಪ್ಪೆ ಮುಖ ಮಾಡಿ ಕೇಳಿದ: "ತೂತೇ ಇಲ್ವಲ್ಲ?"

ತಳ್ಳು

ಕೊನೆಗೂ ಗಾಜು ಬಂತು. ಹಲಗೆ ಅದರ ಜಾಗದಲ್ಲಿ ಕೂತಿತು. ಗಾಜಿನ ಸುತ್ತ ರಬ್ಬರು ಹಾಕಿ, ರಬ್ಬರಿನ ಸಂದಿಗೆ ಹಗ್ಗ ಓಡಿಸಿ, ಕಾರಿನೊಳಗಿಂದ ಒಬ್ಬರು ಹಗ್ಗ ಎಳೆಯುತ್ತ ಹೋದಂತೆ ಹೊರಗಿಂದ ಇನ್ನೊಬ್ಬರು ಗಾಜನ್ನು ತಳ್ಳಬೇಕು. ಒಳಗೆ ನಾನು, ಹೊರಗೆ ಸಾಹೇಬ್ರು. ಮೂರು ಮೂಲೆ ಕೂತವು. ನಾಲ್ಕನೆಯದು ಹಟ ಹಿಡಿಯಿತು.

ಅದೇ ಹೊತ್ತಿಗೆ ಮಳೆಯಲ್ಲಿ ಒಬ್ಬಾಕೆ ತುಂಬು ಬಸುರಿ ಸೊಸೆಯನ್ನು ತಬ್ಬಿಕೊಂಡೇ ಗ್ಯಾರೇಜಿನೊಳಗೆ ನುಗ್ಗಿದರು. ಕಳಸದ ಬಸ್ಸಿಳಿದು ಆಸ್ಪತ್ರೆಗೆ ಹೊರಟವರು. ದಾರಿಯಲ್ಲೇ ನೋವು ಜೋರಾಗಿತ್ತು. "ಹೋದ ಸಲದ್ದು ಉಳೀಲಿಲ್ಲ ಡಾಕ್ಟ್ರಮ್ಮ, ಇದನ್ನಾದ್ರೂ ಉಳಿಸ್ಕೊಡಿ," ಅಂತ ಆ ಅತ್ತೆ ಕೈ ಮುಗಿದರು. ಆಸ್ಪತ್ರೆ ತಲುಪುವಷ್ಟು ಸಮಯವಿರಲಿಲ್ಲ. ಅಲ್ಲಿ ಒಣಗಿದ, ಮೆತ್ತಗಿನ ಜಾಗವೆಂದರೆ ನನ್ನ ಕಾರಿನ ಹಿಂದಿನ ಸೀಟೊಂದೇ. ಅಲ್ಲೇ ಮಲಗಿಸಿದೆ. ಸಾಹೇಬ್ರ ಹೆಂಡತಿ ಬಿಸಿನೀರು ತಂದು, ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಬೆಡ್‌ಶೀಟು ಕಟ್ಟಿದರು. ಸಾಹೇಬ್ರು ಮಾತ್ರ ಕದಲುವ ಹಾಗಿರಲಿಲ್ಲ. ಕೈ ಬಿಟ್ಟರೆ ಗಾಜು ನೆಲಕ್ಕೆ. ಪಾಪ, ಕಣ್ಣು ಬಿಗಿಯಾಗಿ ಮುಚ್ಚಿ ಬಾನೆಟ್ಟಿನ ಮೇಲೆ ಬಾಗಿಯೇ ನಿಂತರು.

ಹುಡುಗಿ ಸೋತುಹೋಗಿದ್ದಳು. ಮಗುವಿನ ತಲೆ ಕಾಣುತ್ತಿತ್ತು, ಮುಂದೆ ಬರುತ್ತಿರಲಿಲ್ಲ. "ತಳ್ಳು!" ಅಂತ ಕೂಗಿದೆ. "ಇನ್ನೂ ಜೋರಾಗಿ ತಳ್ಳು! ಇಷ್ಟೇನಾ ನಿನ್ನ ಶಕ್ತಿ? ತಳ್ಳು!"

ಹೊರಗಿಂದ ಏದುಸಿರಿನ ದನಿ ಬಂತು. "ತಳ್ತಾ ಇದ್ದೀನಿ ಡಾಕ್ಟ್ರಮ್ಮ!"

ಯಾವತ್ತೂ 'ನೀವು' ಅನ್ನುವ ಡಾಕ್ಟ್ರಮ್ಮ ಏಕವಚನಕ್ಕೆ ಇಳಿದಿದ್ದಾರೆ ಅಂದರೆ ವಿಪರೀತ ಸಿಟ್ಟು ಬಂದಿರಬೇಕು ಅಂತ ಅವರು ಹೆದರಿದ್ದರಂತೆ. ನನಗೆ ಉತ್ತರ ಕೊಡಲು ಪುರುಸೊತ್ತಿಲ್ಲ. "ಕಡೇ ಸಲ! ಉಸಿರು ಬಿಗಿಹಿಡಿದು ತಳ್ಳು!"

ಹುಡುಗಿ ಕಿರುಚಿ ತಳ್ಳಿದಳು. ಸಾಹೇಬ್ರು "ಯಾ ಅಲ್ಲಾ" ಅಂತ ತಳ್ಳಿದರು. ಮಗು ನನ್ನ ಕೈಗೆ ಜಾರಿ ಕಿಟಾರನೆ ಅತ್ತಿತು. ಅದೇ ಕ್ಷಣಕ್ಕೆ ನಾಲ್ಕನೇ ಮೂಲೆ ಟಪ್ ಅಂತ ಒಳಗೆ ಸೇರಿತು.

"ಬಂತು ಡಾಕ್ಟ್ರಮ್ಮ, ಬಂತು!" ಅಂತ ಸಾಹೇಬ್ರು ಕುಣಿದಾಡಿಬಿಟ್ಟರು.

ಬಾಗಿಲ ಬಳಿ ದೇವರನ್ನು ನೆನೆಯುತ್ತಿದ್ದ ಅತ್ತೆ ಓಡಿ ಬಂದು ಅವರ ತೋಳು ಹಿಡಿದು ಅಲ್ಲಾಡಿಸಿದರು. "ಹೇಳಿ ಸಾಹೇಬ್ರೇ, ಎಂಥದು? ಗಂಡಾ, ಹೆಣ್ಣಾ?"

ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದ ಸಾಹೇಬ್ರು ಹೇಳಿದರು: "ಗಾಜಮ್ಮಾ, ಗಾಜು! ಒಂದು ಬಿರುಕೂ ಇಲ್ಲ!"