ಅಗಲ ಮಾಡುವ ಗುಂಡಿ

ಚಾಮರಾಜನಗರದಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಹಾಡಲು ಬಂದವರೇ ನಗಿಸಿ ಹೋಗುತ್ತಾರೆ. ಅವರು ಮೆಟ್ಟಿಲಿಳಿದ ಮೇಲೆ ಮಾತ್ರ ಯಾಕೋ ಒಂದು ಗಳಿಗೆ ಸುಮ್ಮನೆ ಕೂರುವ ಹಾಗಾಗುತ್ತದೆ.

ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ಮಹಡಿಯ ಮೇಲೊಂದು ಕೋಣೆ, ಸದ್ದು ಹೊರಗೆ ಹೋಗದಂತೆ ಗೋಡೆಗೆ ಹೊಡೆದ ಹಳೇ ಹಾಸಿಗೆ, ಒಂದು ಮೈಕು, ಒಂದು ಕಂಪ್ಯೂಟರು. ಮೊದಲು ನಾನು ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ನುಡಿಸುತ್ತಿದ್ದೆ. ಎಡಗಡೆ ಕೀಬೋರ್ಡಿನವನು, ಬಲಗಡೆ ಗಿಟಾರಿನವನು, ನಡುವೆ ನಾನು. ಮೊಬೈಲಿನಲ್ಲೇ ಹಿನ್ನೆಲೆ ಸಂಗೀತದ ಟ್ರ್ಯಾಕು ಸಿಗತೊಡಗಿದ ಮೇಲೆ ನಮ್ಮನ್ನು ಕರೆಯುವವರು ಕಡಿಮೆಯಾದರು, ತಂಡ ಚದುರಿತು. ಈಗ ಅವರ ವಾದ್ಯಗಳೆಲ್ಲ ಕಂಪ್ಯೂಟರಿನಲ್ಲೇ ಇವೆ. ಆದರೆ ಎಲ್ಲವೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತ ಹಾಗೆ ಕೇಳಿಸುತ್ತಿತ್ತು.

ಅದಕ್ಕೇ ಹಾಡನ್ನು ಅಗಲ ಮಾಡುವ ಪ್ಲಗಿನ್ ಅನ್ನುವ ಪುಟ್ಟ ಸಾಫ್ಟ್‌ವೇರ್ ಒಂದನ್ನು ಹಾಕಿಕೊಂಡೆ. ತೆರೆಯ ಮೇಲೆ ಒಂದು ಗುಂಡಿ. ತಿರುಗಿಸಿದರೆ ಹಾಡು ಎಡಕ್ಕೂ ಬಲಕ್ಕೂ ಹರಡಿಕೊಳ್ಳುತ್ತದೆ. ಮೊದಲ ದಿನ ಹೆಡ್‌ಫೋನಿನಲ್ಲಿ ಕೇಳಿದಾಗ ಗೆಳೆಯರೆಲ್ಲ ವಾಪಸು ಬಂದು ತಂತಮ್ಮ ಜಾಗದಲ್ಲಿ ಕೂತರು ಅನ್ನಿಸಿಬಿಟ್ಟಿತು. ಆ ಖುಷಿಯಲ್ಲಿ ಬಂದವರದ್ದನ್ನೆಲ್ಲ ಅಗಲ ಮಾಡತೊಡಗಿದೆ.

೧. ಹೆಸರು ಕೇಳಿಸದ ಅಂಗಡಿ

ಮೊದಲು ನನ್ನ ಕೈಗೆ ಸಿಕ್ಕವರು ಪಕ್ಕದ ಬೀದಿಯ ಟೈಲರ್ ಭಾಯ್. ವರ್ಷಾನುಗಟ್ಟಲೆ ಬೇರೆಯವರ ಅಂಗಡಿ ಜಗಲಿಯ ಮೇಲೆ ಮಿಷನ್ ಇಟ್ಟುಕೊಂಡು ಹೊಲಿದವರು, ಕೊನೆಗೂ ಸ್ವಂತ ಅಂಗಡಿ ತೆರೆಯುವವರಿದ್ದರು. ಆಟೋಗೆ ಹಾರ್ನ್ ಸ್ಪೀಕರ್ ಕಟ್ಟಿ ಊರೆಲ್ಲ ಕೂಗಿಸಬೇಕು, ಬೀದಿಯಲ್ಲಿ ತನ್ನ ಅಂಗಡಿಯ ಹೆಸರು ಕೇಳಿಸುವುದನ್ನು ತಾನೂ ನಿಂತು ಕೇಳಬೇಕು ಅನ್ನುವುದು ಅವರ ಆಸೆ. ನಾನೇ ದನಿ ಕೊಟ್ಟೆ, ಹಿಂದೆ ಸಂಗೀತ ಸೇರಿಸಿದೆ, ದನಿಯ ಮೇಲೆ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಹೆಡ್‌ಫೋನ್ ಹಾಕಿಕೊಂಡು ಭಾಯ್ ಕಣ್ಣು ಮುಚ್ಚಿ ಎರಡೆರಡು ಸಲ ಕೇಳಿದರು.

ಮರುದಿನ ಅವರು ಹೊಸ ಅಂಗಿ ತೊಟ್ಟು, ಹೆಂಡತಿಯನ್ನೂ ಕರೆತಂದು ಅಂಗಡಿ ಬಾಗಿಲಲ್ಲಿ ನಿಂತರಂತೆ. ಆಟೋ ಬಂತು. ಸಂಗೀತ ಜೋರಾಗಿಯೇ ಇತ್ತು. ಹೆಸರು ಮಾತ್ರ ಬರಲಿಲ್ಲ. ಆಟೋ ಹಾಗೇ ಮುಂದೆ ಹೋಯಿತು. ಐಸ್‌ಕ್ರೀಮ್ ಗಾಡಿ ಅಂದುಕೊಂಡು ಬೀದಿಯ ಮಕ್ಕಳು ಅದರ ಹಿಂದೆ ಓಡಿದವು.

ತಪ್ಪು ನನ್ನದೇ. ಮಿತಿ ಮೀರಿ ಅಗಲ ಮಾಡಿದರೆ ಎಡದ ದನಿ, ಬಲದ ದನಿ ಒಂದಕ್ಕೊಂದು ಉಲ್ಟಾ ಆಗುತ್ತವೆ. ಎರಡು ಕಿವಿಗೆ ಬೇರೆಬೇರೆಯಾಗಿ ಕೊಟ್ಟರೆ ಚಂದ. ಆಟೋದಲ್ಲಿದ್ದಂಥ ಒಂದೇ ಸ್ಪೀಕರಿನಲ್ಲಿ ಎರಡನ್ನೂ ಸೇರಿಸಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಸಂಜೆ ಭಾಯ್ ಮಹಡಿ ಹತ್ತಿ ಬಂದಾಗ ಇದನ್ನೆಲ್ಲ ವಿವರಿಸಿ ಕ್ಷಮೆ ಕೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

“ಪ್ಯಾಂಟು ಅಗಲ ಮಾಡ್ಬೇಕು ಅಂದ್ರೆ ಒಳಗಡೆ ಬಟ್ಟೆ ಬಿಟ್ಟಿರ್ಬೇಕು ಸಾರ್,” ಅಂದರು. “ಇಲ್ಲಾಂದ್ರೆ ಹಿಂದುಗಡೆ ಹರಿಯುತ್ತೆ. ನಮ್ದು ಹರಿದಿದ್ದು ಊರೆಲ್ಲಾ ನೋಡ್ತು.”

೨. ಹಾಡಿನಲ್ಲೂ ದೂರ

ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಬಸ್ ಓಡಿಸುವ ಡ್ರೈವರೊಬ್ಬ ಬಂದ. ಹೆಂಡತಿ ಹೆರಿಗೆಗೆಂದು ಪುಣಜನೂರಿನ ತವರಿಗೆ ಹೋಗಿದ್ದಳು. ಮಗುವಿಗೆ ಮೂರು ತಿಂಗಳಾದರೂ ಇವನು ನೋಡಿದ್ದು ಎರಡೇ ಸಲ. ಅವಳಿಗೆ ಕಳಿಸಲು ತಾನೇ ಒಂದು ಹಾಡು ಕಟ್ಟಿಕೊಂಡು ಬಂದಿದ್ದ. ದಾರಿಯಲ್ಲಿ ಚೆಂಡುಹೂವಿನ ಹೊಲ ಕಂಡರೂ, ಜಿಂಕೆ ಕಂಡರೂ, ಆನೆ ಕಂಡರೂ ನಿನ್ನದೇ ನೆನಪು ಎಂದು ಅದರ ಅರ್ಥ. ಆನೆಯ ಸಾಲನ್ನು ಮಾತ್ರ ನಾನೇ ತೆಗೆಸಿದೆ.

ಟೈಲರ್ ಭಾಯ್ ಪಾಠ ನೆನಪಿತ್ತು, ಈ ಸಲ ಗುಂಡಿಯನ್ನು ಅರ್ಧ ಮಾತ್ರ ತಿರುಗಿಸಿದೆ. ವಾರ ಕಳೆದು ಡ್ರೈವರ್ ಮುಖ ಸಪ್ಪೆ ಮಾಡಿಕೊಂಡು ವಾಪಸು ಬಂದ. ಬಾವಿಯೊಳಗಿಂದ ಹಾಡಿದ ಹಾಗಿದೆ, ಹಾಡಿನಲ್ಲೂ ದೂರವೇ ಇದ್ದೀರಲ್ಲ ಎಂದು ಹೆಂಡತಿ ಅತ್ತಳಂತೆ. “ನನ್ನ ಒಸಿ ಅತ್ರಕ್ಕೆ ತನ್ನಿ ಸಾರ್,” ಅಂದ.

ಗುಂಡಿಯನ್ನು ಸೊನ್ನೆಗೆ ತಂದೆ. ದನಿ ನಟ್ಟನಡುವೆ ಬಂದು ಕೂತಿತು. ಉಸಿರೆಳೆಯುವುದೂ, ಎಂಜಲು ನುಂಗುವುದೂ ಕೇಳಿಸುವಷ್ಟು ಹತ್ತಿರ. ಅವನು ಅಲ್ಲೇ ಕೂತು ಕಳಿಸಿದ. ಹತ್ತು ನಿಮಿಷಕ್ಕೆ ಹೆಂಡತಿಯ ಫೋನ್ ಬಂತು. ನನಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿ, ಚೆನ್ನಾಗಿದೆಯಾ, ಯಾವಾಗ ಬರುತ್ತೀಯ ಎಂದು ಒಂದೇ ಉಸಿರಿಗೆ ಕೇಳಿದ.

ಆಕೆ ಮೆಲ್ಲಗೆ, “ಈಗ ಪಕ್ಕದಲ್ಲೇ ಮಲಗ್ದಂಗದೆ ಕಣಿ,” ಅಂದಳು. “ನಿಮ್ ಗೊರಕೆ ಗ್ಯಾಪ್ಕ ಬಂತು. ಮೊಗ ಈಗಷ್ಟೇ ನಿದ್ದೆ ಕಲ್ತದೆ, ಇನ್ನೊಂದು ತಿಂಗ್ಳು ಇಲ್ಲೇ ಇರ್ತೀನಿ.”

೩. ವಾರಗಿತ್ತಿಯರು

ತೆರಕಣಾಂಬಿಯಿಂದ ಒಬ್ಬ ಅಜ್ಜಿಯನ್ನು ಅವರ ಸೊಸೆ ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದಳು. ಅಜ್ಜಿ ಮತ್ತು ಅವರ ವಾರಗಿತ್ತಿ ಸುತ್ತಲಿನ ಮದುವೆಗಳಲ್ಲೆಲ್ಲ ಜೊತೆಯಾಗಿ ಸೋಬಾನೆ ಹಾಡಿದವರು. ವಾರಗಿತ್ತಿ ಹೋದ ವರ್ಷ ತೀರಿಕೊಂಡರು. ಅಂದಿನಿಂದ ಅಜ್ಜಿ ಹಾಡಲು ಬಾಯಿ ಬಿಟ್ಟಿಲ್ಲ, ಹಾಡು ಅವರ ಜೊತೆಗೇ ಹೋಗಿಬಿಡಬಾರದು ಎಂದು ಸೊಸೆ ಒತ್ತಾಯ ಮಾಡಿ ತಂದಿದ್ದಳು.

ಅಜ್ಜಿ ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದರು. ಇನ್ನೊಬ್ಬರು ಎತ್ತಿಕೊಳ್ಳಲಿ ಎಂದು ಕಾದು, ಯಾರೂ ಎತ್ತಿಕೊಳ್ಳದೆ, ಮೈಕನ್ನೇ ನೋಡುತ್ತ ಕೂರುತ್ತಿದ್ದರು. ಹೇಗೋ ಒಂದು ಹಾಡು ಮುಗಿಯಿತು.

ನನಗೊಂದು ಯೋಚನೆ ಬಂತು. ಆ ಪ್ಲಗಿನ್ನಿನಲ್ಲಿ ಇನ್ನೊಂದು ದಾರಿಯಿದೆ. ಒಂದೇ ದನಿಯನ್ನು ಎರಡು ಮಾಡಿ, ಒಂದನ್ನು ಕೂದಲೆಳೆಯಷ್ಟು ತಡವಾಗಿ ಬಲಗಿವಿಗೆ ಕೊಡುತ್ತದೆ. ಹಾಗೆ ಮಾಡಿ ಅಜ್ಜಿಗೆ ಹೆಡ್‌ಫೋನ್ ಹಾಕಿದೆ. ಅವರು ಬಲಕ್ಕೆ ತಿರುಗಿ ನೋಡಿದರು. ಗೋಡೆ ಇತ್ತು.

“ಇದೂ ನಾನೇ ಕಣಪ್ಪ,” ಅಂದರು. “ಅವ್ಳು ಇಂಗೆ ನೆಟ್ಟಗೆ ಯಾವತ್ತೂ ಹಾಡ್ದೋಳಲ್ಲ.”

ವಾರಗಿತ್ತಿ ಯಾವಾಗಲೂ ಹಿಂದೆ ಬೀಳುತ್ತಿದ್ದರಂತೆ. ಇವರು ಸಾಲು ಮುಗಿಸುವ ಹೊತ್ತಿಗೆ ಅವರದು ಇನ್ನೂ ನಡುವಿನಲ್ಲಿ, ಸಾಲದ್ದಕ್ಕೆ ಕೊನೆಯಲ್ಲಿ ಶ್ರುತಿ ಇಳಿಯುವುದು. ಅದೊಂದು ವಿಷಯಕ್ಕೆ ಇಬ್ಬರೂ ಎಷ್ಟೋ ಮದುವೆಮನೆಗಳಿಂದ ಮಾತು ಬಿಟ್ಟುಕೊಂಡು ನಡೆದು ಬಂದದ್ದುಂಟು. ನಾನು ಬಲಗಡೆಯ ದನಿಯನ್ನು ಇನ್ನಷ್ಟು ತಡ ಮಾಡಿದೆ, ಶ್ರುತಿಯನ್ನೂ ಇಳಿಸಿದೆ. ಅಜ್ಜಿ ಸಾಲದೆಂದು ತಲೆಯಾಡಿಸಿ, ಇನ್ನೊಸಿ ಇಂದುಕ್ಕೆ ಬೀಳ್ಲಿ ಅಂದರು. ಮತ್ತೆ ಹಾಕಿದೆ. ಇನ್ನೂ ಇಂದುಕ್ಕೆ. ಸ್ಟುಡಿಯೋ ಇಟ್ಟ ದಿನದಿಂದ ಬೇರೆಯವರ ಶ್ರುತಿ, ತಾಳ ಸರಿ ಮಾಡುವುದೇ ನನ್ನ ಕಸುಬು. ಅವತ್ತು ಕೆಡಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಕೊನೆಗೊಮ್ಮೆ ಅಜ್ಜಿ ಸಾಕು ಎನ್ನುವಂತೆ ಕೈಯೆತ್ತಿದರು. ಬಲಗಿವಿಯ ಮೇಲಿನ ಹೆಡ್‌ಫೋನ್ ಬಟ್ಟಲನ್ನು ಅಂಗೈಯಲ್ಲಿ ಒತ್ತಿಕೊಂಡು ಹಾಡು ಪೂರ್ತಿ ಕೇಳಿದರು. ಇನ್ನೊಂದು ಸಲ ಹಾಕು ಅಂದರು, ಹಾಕಿದೆ. ಅವರ ಕಣ್ಣು ತುಂಬಿದ್ದು ಕಂಡು ಸೊಸೆ ಮುಖ ತಿರುಗಿಸಿಕೊಂಡಳು. ನನಗೂ ಕಂಪ್ಯೂಟರಿನ ತೆರೆ ಸರಿಯಾಗಿ ಕಾಣಿಸಲಿಲ್ಲ.

ಆಗ ಅಜ್ಜಿ, ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವ ಹಾಗೆ, ಕೆಳಗಿನ ಬೀದಿಗೂ ಕೇಳುವಷ್ಟು ಗಟ್ಟಿಯಾಗಿ ಬಲಗಡೆಗೆ ಗದರಿದರು:

“ಬಿರ್ರನೆ ಬಾಮ್ಮಿ, ಗಂಡಿನ ಕಡೆಯೋರು ಉಂಡ್ಬುಟ್ಟು ಎದ್ದೋದ್ರು.”