ಹಿಂಡಿಗೆ ನಾನು ಕೊಟ್ಟ ಅಂಕಗಳು

ಯಾವುದನ್ನೂ ಇದ್ದಷ್ಟೇ ಹೇಳಿ ಬಿಡುವುದು ನನ್ನಿಂದಾಗದು. ಬೆಟಗೇರಿಗೆ ಬಸ್ಸಿನಲ್ಲಿ ಹೋಗಿ ಬಂದರೂ ಗೆಳೆಯರ ಮುಂದೆ ಅರ್ಧ ದಾರಿ ಬಸ್ಸನ್ನು ನಾನೇ ಓಡಿಸಿರುತ್ತೇನೆ. ಇದರಿಂದ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ, ಅಪ್ಪ ಅಂಗಡಿಯ ಚೀಟಿಯ ಕೆಲಸ ನನಗೆ ಹಚ್ಚುವವರೆಗೆ.

ಮುಂಡರಗಿಯಲ್ಲಿ ನಮ್ಮದು ದನದ ಆಹಾರದ ಅಂಗಡಿ. ಹಿಂಡಿ, ತೌಡು, ಗೋವಿನಜೋಳದ ನುಚ್ಚು ಕಲಸಿ ಚೀಲಕ್ಕೆ ತುಂಬುತ್ತೇವೆ. ಚೀಲಕ್ಕೆ ಹೊಲಿಯುವ ಚೀಟಿಯನ್ನು ಅಚ್ಚು ಹಾಕಿಸಿ ತರುವ ಕೆಲಸ ನನ್ನದು. ಪ್ರೋಟೀನು ನೂರಕ್ಕೆ ಹದಿನಾರು ಎಂದು ಅಪ್ಪ ಬರೆದುಕೊಟ್ಟಿದ್ದ. ಎಸ್ಸೆಸ್ಸೆಲ್ಸಿ ಆಗಷ್ಟೇ ದಾಟಿದ್ದ ನನಗೆ ಅದು ನಪಾಸಿನ ಅಂಕದಂತೆ ಕಂಡಿತು. ಕರುಣೆಯಿಂದ ನಲವತ್ತು ಕೊಟ್ಟೆ. ಕೊಬ್ಬಿಗೆ ಮೂವತ್ತೈದು, ಪಾಸು. ನಾರಿಗೆ ಅರವತ್ತೈದು, ಫಸ್ಟ್ ಕ್ಲಾಸು. ಅಪ್ಪ ಚೀಟಿಯ ಬಣ್ಣ ನೋಡಿದ, ಅಂಕಿ ನೋಡಲಿಲ್ಲ.

ಎಮ್ಮೆ ಸಾಕಿದ್ದ ನಮ್ಮ ಗಿರಾಕಿ, ಡಂಬಳದ ಖಾದರಸಾಬ ಕಾಕಾಗೆ ಓದು ಬಾರದು. ಚೀಟಿಯನ್ನು ನನ್ನಿಂದಲೇ ಓದಿಸಿಕೊಂಡರು.

"ಇಷ್ಟು ಕಸುವು ಐತಿ ಅಂದ್ರ ಅರ್ಧಾ ಹಾಕಿದ್ರ ಸಾಕೇನೋ?"

"ಸಾಕ್ರಿ ಕಾಕಾ. ಹೆಚ್ಚಾದ್ರ ಎಮ್ಮಿ ಗೋಡಿ ಹಾರತೈತಿ."

ತಿಂಗಳೊಳಗೆ ಆ ಎಮ್ಮೆಯ ಹಾಲು ಅರ್ಧಕ್ಕಿಳಿಯಿತು. ಅವರ ಮನೆಯಲ್ಲಿ ಬಾಣಂತಿ ಮಗಳು. ಕಾಕಾ ಕೇಳಲು ಬಂದಾಗ, ಎಮ್ಮೆಗೆ ವಯಸ್ಸಾಗಿದೆ ಎಂದುಬಿಟ್ಟೆ.

"ಖರೆ ಇದ್ದೀತು ಬಿಡು. ಸಂತಿಗೆ ಹೊಡಕೊಂಡು ಹೋಗ್ತೇನಿ" ಎಂದರು.

ಅವರಿನ್ನೂ ಕಟ್ಟೆಯಿಂದ ಎದ್ದಿರಲಿಲ್ಲ, ತಪಾಸಣೆಯ ಸಾಹೇಬರ ಜೀಪು ಬಂತು. ಮೊದಲೆಲ್ಲ ಸಾಹೇಬರು ಧಾರವಾಡದಿಂದ ಬರಬೇಕಿತ್ತು; ಅವರು ಹುಬ್ಬಳ್ಳಿ ದಾಟುವಷ್ಟರಲ್ಲಿ ಖಬರು ಮುಂಡರಗಿ ಮುಟ್ಟಿರುತ್ತಿತ್ತು. ಗದಗವೇ ಹೊಸ ಜಿಲ್ಲೆಯಾದ ಮೇಲೆ ಅಲ್ಲಿ ಚಹಾ ಕುಡಿದವರು ಬಾಯಿ ಒರೆಸಿಕೊಳ್ಳುವುದು ನಮ್ಮ ಅಂಗಡಿಯಲ್ಲೇ. ಚೀಟಿಯ ಮೇಲೆ ಬೆರಳಿಟ್ಟು ಕೂಡಿಸಿದರು.

"ಯಜಮಾನ್ರ, ನೂರರ ಚೀಲದಾಗ ನೂರಾ ನಲವತ್ತು ಹೆಂಗ ತುಂಬಿದ್ರಿ? ನಮಗೂ ಒಂದೀಟು ಕಲಸ್ರಿ!"

ಮಾದರಿ ತೆಗೆದು ಅರಗಿನ ಮುದ್ರೆ ಹಾಕಿದರು. ಚೀಲ ಮಾರಬಾರದೆಂದರು, ಕೇಸು ಎಂದರು. ಅಪ್ಪ, "ಅಚ್ಚಿನವ ತಪ್ಪು ಮಾಡ್ಯಾನ್ರಿ" ಎಂದ. ನಾನು ತಕ್ಕಡಿಯ ಹಿಂದೆ ಸರಿದೆ.

ಆಗ ಕಾಕಾ ಎದ್ದು ನಿಂತರು. "ಸಾಹೇಬ್ರ, ಈ ಹುಡುಗ ಭಾಳ ಶಾಣ್ಯಾ ಅದಾನ್ರಿ. ಚೀಟಿ ಅವನೇ ಓದಿ ಹೇಳ್ಯಾನ. ಅವ ಯಾಕ ಸುಳ್ಳು ಹೇಳ್ತಾನ್ರಿ? ತಪ್ಪು ನಮ್ಮ ಎಮ್ಮೀದೈತಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಿಕೆ ತಡೆಯಲಾಗಲಿಲ್ಲ. "ಎಮ್ಮಿ ಮಾರಬ್ಯಾಡ್ರಿ ಕಾಕಾ, ಆ ಅಂಕಿ ನಾನೇ ಬರಸೇನಿ" ಎಂದೆ. ಅಪ್ಪ ಹೊಡೆಯಲಿಲ್ಲ, ಸಾಹೇಬರ ಕಾಗದಕ್ಕೆ ಸಹಿ ಮಾಡಿದ. ನನ್ನ ಹೆಸರು ಬರೆದುಕೊಳ್ಳಿ ಎಂದರೆ ಸಾಹೇಬರು, "ಅಂಗಡಿ ಯಾರದೈತಿ, ಕೇಸು ಅವರ ಮ್ಯಾಲ ತಮ್ಮಾ" ಎಂದರು.

ಕಾಕಾನ ಕಾಲು ಹಿಡಿಯಲು ಹೋದೆ. ಹಿಂದೆ ಸರಿದರು. "ನನಗೇನ್ ಹೇಳ್ತಿ? ಇಷ್ಟ್ ದಿನಾ ಎಮ್ಮೀನ ಬೈದೇನಿ. ಬಂದು ಅದರ ಮುಂದ ಹೇಳು."

ಮರುದಿನ ಶೇಂಗಾ ಹಿಂಡಿ ಹೊತ್ತುಕೊಂಡು ಡಂಬಳಕ್ಕೆ ಹೋಗಿ, ಕೂಸು ಎತ್ತಿಕೊಂಡ ಮಗಳ ಎದುರಿಗೇ ಎಮ್ಮೆಗೆ ಎಲ್ಲ ಹೇಳಿದೆ. ಇದನ್ನು ಗೆಳೆಯರಿಗೆ ಇನ್ನೂ ಹೇಳಿಲ್ಲ. ಹೇಳಿದರೆ, ಎಮ್ಮೆ ನನ್ನ ಕೈ ನೆಕ್ಕಿ ಕ್ಷಮಿಸಿತು ಎಂದು ಸೇರಿಸಿಬಿಡುತ್ತೇನೆ. ಅದು ಹಿಂಡಿ ತಿಂದು ಮುಗಿಸಿ, ನನಗೆ ಬೆನ್ನು ಮಾಡಿ ಮಲಗಿತು.