ಟೀವಿಯೊಳಗಿನ ಯಜಮಾನರು

ಭೂಸನೂರಿನ ದೌಲತರಾಯರ ಪರಮಶತ್ರು ಮೊಳೆ. ಮಗಳನ್ನು ನೋಡಲು ಜೇವರ್ಗಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಬಂದುಹೋದ ಎರಡು ಮನೆಯವರು ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಇದಾದರೂ ಕೂಡಿಬರಲೆಂದು ರಾಯರು ಪಡಸಾಲೆಗೆ ಗುಲಾಬಿ ಬಣ್ಣ ಹೊಡೆಸಿ, ಮುತ್ತಜ್ಜನಿಂದ ಹಿಡಿದು ಬಹುಮಾನ ಗೆದ್ದ ಎತ್ತಿನವರೆಗೆ ಗೋಡೆಯ ಮೇಲಿದ್ದ ಇಪ್ಪತ್ತೆಂಟು ಫೋಟೋಗಳನ್ನು ಇಳಿಸಿ ಉಗ್ರಾಣದಲ್ಲಿಟ್ಟಿದ್ದರು. ಬಣ್ಣ ಒಣಗುವ ಮೊದಲೇ ಹೆಂಡತಿ ಸುಭದ್ರಾಬಾಯಿ ಸುತ್ತಿಗೆ ಹಿಡಿದು ನಿಂತಳು.

"ಹಿರಿಯಾರು ಎಷ್ಟು ದಿನ ಜ್ವಾಳದ ಚೀಲದ ಮ್ಯಾಲ ಮಕ್ಕೊಬೇಕ್ರಿ?"

"ಒಂದು ಮೊಳಿ ಹೊಡದಿ ಅಂದ್ರ ನೋಡು! ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು ಬಂತು. ಇನ್ನ ಮ್ಯಾಲ ಹಿರಿಯಾರು ಟೀವ್ಯಾಗ ಬರ್ತಾರ."

ಬಂದೇಬಿಟ್ಟರು. ಬದುಕಿದ್ದಾಗ ಒಂದು ಮನೆಯಲ್ಲಿ ಹೊಂದಿಕೊಳ್ಳಲಾರದೆ ಬೇರೆಯಾದವರೆಲ್ಲ ಕಲಬುರ್ಗಿಯ ಕಂಪ್ಯೂಟರ್ ಅಂಗಡಿಯಲ್ಲಿ ಒಂದೇ ಸೀಡಿಯೊಳಗೆ ಹೊಂದಿಕೊಂಡು, ಐದೈದು ಸೆಕೆಂಡಿಗೊಬ್ಬರಂತೆ ಟೀವಿಯಲ್ಲಿ ದರ್ಶನ ಕೊಡತೊಡಗಿದರು. ಮೊದಲು ಸೋತವಳು ರಾಯರ ಚಿಕ್ಕಮ್ಮ ನಿಂಬೆವ್ವ. ಮಾವನವರು ಕಂಡೊಡನೆ ಆಕೆ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗುತ್ತಿದ್ದಳು. ಏಳುವಷ್ಟರಲ್ಲಿ ಅಲ್ಲಿ ಎತ್ತು ನಿಂತಿರುತ್ತಿತ್ತು.

"ದೌಲತ್ಯಾ, ನನ್ನ ಕೈಲೆ ಎತ್ತಿಗೆ ಮೂರು ಸಲ ಶರಣು ಮಾಡಿಸಿದೆಲ್ಲೋ!"

ಬಂದ್ ಮಾಡೋಣವೆಂದರೆ ಸುಭದ್ರಾಬಾಯಿ ಬಿಡಲಿಲ್ಲ. ಹಿರಿಯರನ್ನು ಯಾರಾದರೂ ಆರಿಸುತ್ತಾರೆಯೇ? ಫೋಟೋಕ್ಕೆ ಹಾರ ಬೇಡವೇ? ಬೀಗರು ಬರುವ ದಿನ ಟೀವಿಯ ನೆತ್ತಿಗೆ ವಿಭೂತಿ ಹಚ್ಚಿ, ದಪ್ಪನೆಯ ಚೆಂಡುಹೂವಿನ ಹಾರ ಇಳಿಬಿಟ್ಟಳು. ಮೊಳೆ ತಪ್ಪಿತಲ್ಲ ಎಂದು ರಾಯರು ಸುಮ್ಮನಾದರು. ಬೀಗರನ್ನು ಎದುರುಗೊಳ್ಳಲು ಬಸ್ಸು ನಿಲ್ಲುವಲ್ಲಿಗೆ ಹೋದರು.

ಬೀಗರು ಇನ್ನೊಂದು ದಾರಿಯಿಂದ ಜೀಪಿನಲ್ಲಿ ಬಂದಿಳಿದರು. ಅದೇ ಹೊತ್ತಿಗೆ ಸೀಡಿ ಇಪ್ಪತ್ತೆಂಟನೆಯ ಫೋಟೋಕ್ಕೆ ಬಂದು ಸಿಕ್ಕಿಹಾಕಿಕೊಂಡಿತು. ಅದು ಇಪ್ಪತ್ತನಾಲ್ಕು ವರ್ಷದ ಹಿಂದೆ ಮದುವೆಯಲ್ಲಿ ತೆಗೆಸಿದ ಸ್ವತಃ ದೌಲತರಾಯರದು. (ಹಿರಿಯರ ಸಾಲಿನಲ್ಲಿ ತಮ್ಮನ್ನು ಬಿಡಲು ಅವರಿಗೆ ಮನಸ್ಸಾಗಿರಲಿಲ್ಲ.) ತಲೆತುಂಬ ಗುಂಗುರು ಕೂದಲು, ಹುರಿ ಮೀಸೆ. ಮುಖ ದೊಡ್ಡದಾಗಿ ಕಾಣಲೆಂದು ಅಂಗಡಿಯವನು ಪಕ್ಕದಲ್ಲಿದ್ದ ಹೆಂಡತಿಯನ್ನು ಕತ್ತರಿಸಿ ಹಾಕಿದ್ದ. ಬೀಗರಾದ ಗುರಣ್ಣ, ಸುಮಿತ್ರಾಬಾಯಿ ದಂಪತಿ ಹಾರ ನೋಡಿ ಟೀವಿಗೆ ಕೈಮುಗಿದರು. ಸುಭದ್ರಾಬಾಯಿ ಒಳಗೆ ಭಜಿ ಕರಿಯುತ್ತಿದ್ದಳು. ನಿಜ ಹೇಳಲು ನಿಂಬೆವ್ವನೂ ಅಲ್ಲಿರಲಿಲ್ಲ. ಬಾಗಿ ಬಾಗಿ ಸೊಂಟ ಹಿಡಿದು ಒಳಕೋಣೆಯಲ್ಲಿ ಮಲಗಿದ್ದಳು.

ಅಷ್ಟರಲ್ಲಿ ಬೆವರು, ಧೂಳು, ಹೊಟ್ಟೆ, ಬೋಳುತಲೆ ಸಮೇತ ರಾಯರು ಓಡಿಬಂದರು.

"ಇವ್ರು ಯಾರ್ರಿ?" ಎಂದರು ಗುರಣ್ಣ.

"ನಮ್ಮ ಮನಿಯವ್ರು," ಎಂದಳು ಸುಭದ್ರಾಬಾಯಿ, ಭಜಿ ತಟ್ಟೆ ಇಡುತ್ತ.

ಬೀಗರು ಹಾರ ನೋಡಿದರು, ಅವಳ ಹಣೆಯ ಕುಂಕುಮ ನೋಡಿದರು, ಬೋಳುತಲೆ ನೋಡಿದರು. ಗುರಣ್ಣ ಗಂಟಲು ಸರಿಮಾಡಿಕೊಂಡರು. "ಇರ್ಲಿ ಬಿಡ್ರಿ, ಮುಚ್ಚಿಡೋದೇನದ? ಗಂಡ ತೀರಿದ ಮ್ಯಾಲ ಇನ್ನೊಂದು ಲಗ್ನ ಆಗೋದು ತಪ್ಪಂತ ಶರಣರೇನು ಹೇಳಿಲ್ಲ."

"ತೀರಿಲ್ರಿ! ಅದು ನಾನ!"

ಸುಮಿತ್ರಾಬಾಯಿಗೆ ಬೇಸರವಾಯಿತು. "ಅಣ್ಣಾರ, ಹೋದವರ ಜಾಗಕ್ಕ ಬಂದೀರಿ, ಖರೆ. ಆದ್ರ ಅವರ ಫೋಟೋನೂ ನಂದು ಅಂದ್ರ ಹ್ಯಾಂಗ್ರಿ?"

ರಾಯರು ಉಗ್ರಾಣಕ್ಕೆ ನುಗ್ಗಿ, ಜೋಳದ ಚೀಲದ ಮೇಲಿದ್ದ ಮದುವೆಯ ಫೋಟೋ ಹುಡುಕಿ ತಂದರು. ಕಾಗದದ ಮೇಲೆ ಹೆಂಡತಿ ಹಾಗೆಯೇ ಪಕ್ಕದಲ್ಲಿ ಕೂತಿದ್ದಳು.

"ನೋಡ್ರಿ, ಇಕಿನೂ ಅದಾಳ!"

"ಇಕಿ ಅವರನ್ನ ಲಗ್ನ ಆಗಿದ್ಲು ಅಂತ ನಾವೂ ಅದನ್ನ ಹೇಳಾಕತ್ತೀವ್ರಿ," ಎಂದರು ಗುರಣ್ಣ.

ರಾಯರು ದಿಕ್ಕುಗಾಣದೆ ಹೆಂಡತಿಯತ್ತ ನೋಡಿದರು. ಅವಳು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ನಕ್ಕು ನಕ್ಕು ಹೆಗಲು ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಹರಿಯುತ್ತಿತ್ತು.

"ಅಳಬ್ಯಾಡ್ರಿ ತಂಗಿ," ಎಂದು ಸುಮಿತ್ರಾಬಾಯಿ ಬೆನ್ನು ಸವರಿದಳು. "ಇವ್ರ ಮುಂದ ಅತ್ರ ಇವ್ರಿಗೂ ಕೆಟ್ಟನಸ್ತದ."

ಆಗ ಕರೆಂಟ್ ಹೋಯಿತು. ಟೀವಿ ಕಪ್ಪಾಯಿತು.

"ಅಯ್ಯ ಶಿವನೇ, ಮತ್ತ ಹೋದ್ರಲ್ರಿ!" ಎಂದಳು ಸುಮಿತ್ರಾಬಾಯಿ.

ಆ ದುಃಖದಲ್ಲೇ ಹುಡುಗಿಯನ್ನು ನೋಡಿದ್ದೂ ಆಯಿತು, ಮಾತೂ ಮುಗಿಯಿತು. "ಹುಡುಗಿ ಪಸಂದ್ ಅದಾಳ. ಪುಣ್ಯಕ್ಕ ಮೊದಲಿನ ಅಪ್ಪನ ಹಂಗ ಅದಾಳ," ಎಂದ ಗುರಣ್ಣ ಜೇಬಿನಿಂದ ಪೆನ್ನು ತೆಗೆದರು. "ಲಗ್ನಪತ್ರಿಕಿ ಮ್ಯಾಲ ತೀರಿದವರ ಹೆಸರು ಮೊದಲ ಬರ್ಲಿ. ಏನ್ರಿ ಅವರ ಹೆಸರು?"

"ದೌಲತರಾಯ," ಎಂದರು ರಾಯರು.

"ನಿಮ್ಮದು?"

ಅಡುಗೆಮನೆಯ ಬಾಗಿಲಲ್ಲಿ ಮಗಳ ಮುಖ ಅರಳಿತ್ತು. ಇನ್ನೊಂದು ಮಾತಾಡಿದರೆ ಈ ಸಂಬಂಧವೂ ಜೀಪು ಹತ್ತುತ್ತದೆ.

"ನಂದೂ ಅದೇ ರಿ," ಎಂದರು ಮೆಲ್ಲಗೆ.

"ನೋಡ್ರಿ, ಹೆಸರು ಸೈತ ಹೊಂದಿಸಿ ಹುಡುಕ್ಯಾರ!" ಎಂದು ಗುರಣ್ಣ ಮೆಚ್ಚಿ ತಲೆದೂಗಿದರು.

ಜೀಪು ಮರೆಯಾದ ಮೇಲೆ ರಾಯರು ಹೆಂಡತಿಯಿಂದ ಸುತ್ತಿಗೆ ಕೇಳಿ ಪಡೆದರು. ಗುಲಾಬಿ ಗೋಡೆಗೆ ಮೊಳೆ ಇಟ್ಟು ಹೊಡೆದರು. ಬಾಗಿತು. ಇನ್ನೊಂದು ಹೊಡೆದರು, ಅದೂ ಬಾಗಿತು.

ಹಿಂದೆ ಮದುವೆಯ ಫೋಟೋ ಹಿಡಿದು ನಿಂತಿದ್ದ ಸುಭದ್ರಾಬಾಯಿ ನಿಟ್ಟುಸಿರು ಬಿಟ್ಟಳು. "ಮೊದಲಿನವ್ರು ಇದ್ದಿದ್ರ ಒಂದ ಏಟಿಗೆ ಹೊಡೀತಿದ್ರು."